ಒಂದೇ ನುಡಿಸಾಟ, ಎರಡು ಪಿಯಾನೊ: ನನ್ನ ಅನುಭವ

ಪಿಯಾನೊ ನಾದಕ್ಕೆ ಡಿಜಿಟಲ್ ಪಿಯಾನೊ ಮೇಲೋ, ಮಿಡಿ ಸೌಂಡ್ ಮಾಡ್ಯೂಲ್ (ಬೇರೆ ಕೀಬೋರ್ಡಿನಿಂದ ಮಿಡಿ ಎಂಬ ಸಂದೇಶ ಪಡೆದು ನಾದ ಹೊರಡಿಸುವ, ಕೀಗಳಿಲ್ಲದ ಪೆಟ್ಟಿಗೆ) ಮೇಲೋ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ನುಡಿಸುತ್ತ ಹೋಲಿಸಬೇಡಿ. ಬೆರಳಿಗೆ ಹಿತವಾದ ವಾದ್ಯ ಕಿವಿಯನ್ನೂ ಒಲಿಸಿಕೊಂಡುಬಿಡುತ್ತದೆ. ಆಗ ನಾವು ಮೆಚ್ಚುವುದು ಕೀಗಳ ತೂಕವನ್ನೋ ನಾದವನ್ನೋ ಎಂಬುದು ನಮಗೇ ತಿಳಿಯುವುದಿಲ್ಲ.

ಮೈಸೂರಿನಲ್ಲಿ ಸುಗಮ ಸಂಗೀತದ ಗಾಯಕರಿಗೆ ಕೀಬೋರ್ಡ್ ನುಡಿಸುವುದು, ಮನೆಯ ಒಂದು ಕೋಣೆಯಲ್ಲಿ ಅವರ ಹಾಡುಗಳನ್ನು ಧ್ವನಿಮುದ್ರಿಸುವುದು ನನ್ನ ಕಸುಬು. ನನ್ನ ಬಳಿ ಇರುವುದು 2018ರಲ್ಲಿ ಮಾರುಕಟ್ಟೆಗೆ ಬಂದ ಯಮಹಾ ಪಿ-125 ಡಿಜಿಟಲ್ ಪಿಯಾನೊ ಮತ್ತು 1994ರ ರೋಲಂಡ್ ಜೆವಿ-1080 ಮಾಡ್ಯೂಲ್. ವಯಸ್ಸಿನಲ್ಲಿ ಇವೆರಡಕ್ಕೂ ಬಹಳ ಅಂತರವಿದೆ. ಆದರೆ ಹಳೆಯ ಮಾಡ್ಯೂಲ್‌ಗಳು ಇಂದಿಗೂ ಕೈಬದಲಾಗುತ್ತ ವೇದಿಕೆಗಳಲ್ಲಿ ದುಡಿಯುತ್ತಿವೆ. ಆದ್ದರಿಂದ ಈ ಹೋಲಿಕೆ ನನಗೆ ದಿನನಿತ್ಯದ ಪ್ರಶ್ನೆ.

ಪಿ-125ಕ್ಕೆ ಐದು ಪಿನ್ನಿನ ಮಿಡಿ ಸಾಕೆಟ್ ಇಲ್ಲ, ಯುಎಸ್‌ಬಿ ಮಾತ್ರ. ಹಾಗಾಗಿ ನಡುವೆ ಕಂಪ್ಯೂಟರ್ ಇಟ್ಟು, ಅಲ್ಲಿಂದ ಒಂದು ಮಿಡಿ ಇಂಟರ್‌ಫೇಸ್ ಮೂಲಕ ಜೆವಿಗೆ ಸಂಪರ್ಕ ಕೊಟ್ಟೆ. ಒಂದು ಭಾವಗೀತೆಯ ಪಿಯಾನೊ ಭಾಗವನ್ನು ಶಬ್ದವಾಗಿ ಮುದ್ರಿಸದೆ ಮಿಡಿಯಾಗಿ, ಅಂದರೆ ಯಾವ ಕೀಯನ್ನು ಯಾವಾಗ ಎಷ್ಟು ಬಲವಾಗಿ ಒತ್ತಿದೆ ಎಂಬ ಸಂದೇಶಗಳಾಗಿ, ಮುದ್ರಿಸಿಕೊಂಡು, ಅದೇ ನುಡಿಸಾಟವನ್ನು ಎರಡಕ್ಕೂ ಕಳಿಸಿದೆ. ಎರಡರಲ್ಲೂ ರಿವರ್ಬ್ ಪೂರ್ತಿ ಬಂದ್. ಕೋಣೆಯ ಮಾರ್ದನಿಯನ್ನು ಧಾರಾಳವಾಗಿ ಬಳಿದರೆ ಯಾವ ಬಡ ನಾದವೂ ಶ್ರೀಮಂತವಾಗಿ ಕೇಳುತ್ತದೆ. ಮಧ್ಯಮ ಬಲದ ಒಂದು ಸ್ವರಮೇಳ ನುಡಿಸಿ, ಮೀಟರ್ ನೋಡಿ, ಎರಡರ ಮಟ್ಟವನ್ನು ಅರ್ಧ ಡೆಸಿಬೆಲ್ ಒಳಗೆ ಸರಿತೂಗಿಸಿದೆ. ಈ ಹೆಜ್ಜೆಯನ್ನು ಯಾರೂ ಬಿಡಬಾರದು, ಏಕೆಂದರೆ ತುಸು ಜೋರಾಗಿರುವುದನ್ನೇ ಕಿವಿ ಉತ್ತಮವೆಂದು ಆರಿಸುತ್ತದೆ.

ಇಷ್ಟಾದ ಮೇಲೂ ಒಂದು ಪಕ್ಷಪಾತ ಉಳಿದಿತ್ತು. ನುಡಿಸುವಾಗ ನನ್ನ ಕಿವಿಗೆ ಬೀಳುತ್ತಿದ್ದುದು ಯಮಹಾದ ನಾದ. ಕೇಳುವ ನಾದಕ್ಕೆ ತಕ್ಕಂತೆ ಬೆರಳು ತನ್ನ ಬಲವನ್ನು ತಿದ್ದಿಕೊಳ್ಳುತ್ತದೆ. ಆದ್ದರಿಂದ ಯಮಹಾದ ಲೋಕಲ್ ಕಂಟ್ರೋಲನ್ನು (ಕೀ ಒತ್ತಿದಾಗ ಅದರ ಸ್ವಂತ ನಾದ ಹೊರಡಿಸುವ ಒಳಸಂಪರ್ಕವನ್ನು) ಆಫ್ ಮಾಡಿ, ಕೀಗಳು ಅದರವೇ ಆಗಿದ್ದರೂ ಕಿವಿಗೆ ಜೆವಿಯ ನಾದವಷ್ಟೇ ಬರುವಂತೆ ಮಾಡಿಕೊಂಡು, ಅದೇ ಹಾಡನ್ನು ಮತ್ತೆ ಮುದ್ರಿಸಿದೆ. ಆಮೇಲೆ ಅದಲುಬದಲು ಮಾಡಿ ಕೇಳಿದೆ. ಯಮಹಾ ಕೇಳುತ್ತ ನುಡಿಸಿದ್ದು ಜೆವಿಯಲ್ಲಿ ಮಂಕಾಗಿತ್ತು. ಜೆವಿ ಕೇಳುತ್ತ ನುಡಿಸಿದ್ದು ಯಮಹಾದಲ್ಲಿ ಕರ್ಕಶವಾಗಿತ್ತು. ಇಡೀ ಪ್ರಯೋಗದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ. ಮಿಡಿಯಲ್ಲಿ ಹೊಡೆತದ ಬಲ 1ರಿಂದ 127ರವರೆಗಿನ ಒಂದು ಅಂಕಿ, ಅಷ್ಟೇ. 90 ಎಂದರೆ ಎಷ್ಟು ಗಟ್ಟಿ, ಎಷ್ಟು ಪ್ರಖರ ಎಂಬುದನ್ನು ತೀರ್ಮಾನಿಸುವುದು ಆಯಾ ಯಂತ್ರ. ಡಿಜಿಟಲ್ ಪಿಯಾನೊದಲ್ಲಿ ಕೀಗಳನ್ನೂ ನಾದವನ್ನೂ ಒಂದೇ ಕಂಪನಿ ಒಟ್ಟಿಗೆ ಕೂರಿಸಿ ಹದ ಮಾಡಿರುತ್ತದೆ. ಮಾಡ್ಯೂಲಿಗೆ ಯಾರ ಕೀ ಬರುತ್ತದೆಂದು ಗೊತ್ತಿಲ್ಲ, ಆ ಹದವನ್ನು ನಾವೇ ಮಾಡಬೇಕು. ಜೆವಿಯ ಪ್ಯಾಚ್ (ಒಂದು ನಾದದ ಹೊಂದಿಕೆಗಳ ಕಟ್ಟು) ಒಳಗೆ ಹೋಗಿ, ಹೊಡೆತದ ಬಲಕ್ಕೆ ತಕ್ಕಂತೆ ನಾದದ ಪ್ರಖರತೆಯನ್ನೂ ಗಟ್ಟಿತನವನ್ನೂ ನಿರ್ಧರಿಸುವ ಫಿಲ್ಟರ್ ಮತ್ತು ದನಿಮಟ್ಟದ ವೆಲಾಸಿಟಿ ಕರ್ವ್‌ಗಳನ್ನು ನನ್ನ ಬೆರಳಿಗೆ ಒಗ್ಗುವವರೆಗೆ ತಿದ್ದಿದ ಮೇಲೆ ಆ ಮಂಕು ಬಹುಪಾಲು ಹೋಯಿತು. ‘ಈ ಮಾಡ್ಯೂಲಿನ ಪಿಯಾನೊ ಚೆನ್ನಾಗಿಲ್ಲ’ ಎನ್ನುವವರಲ್ಲಿ ಅನೇಕರು ಆ ಕೆಲಸ ಮಾಡಿರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಕರ್ವ್ ತಿದ್ದಿ ಸರಿಪಡಿಸಲಾಗದ ವ್ಯತ್ಯಾಸವೂ ಇದೆ. ಅದು ಸ್ವರ ಆರುವ ಬಗೆಯಲ್ಲಿದೆ. ಮಂದ್ರದ ಒಂದು ಕೀಯನ್ನು ಒತ್ತಿ ಹಿಡಿದು, ನಾದ ಪೂರ್ತಿ ಅಡಗುವವರೆಗೆ ಕೇಳುವುದು ನನ್ನ ಮೆಚ್ಚಿನ ಪರೀಕ್ಷೆ. ಪಕ್ಕದ ಬೀದಿಯಲ್ಲಿ ವೀಣೆ ಕಲಿಸುವವರೊಬ್ಬರನ್ನು ಕರೆದು, ಯಾವುದು ಯಾವ ಯಂತ್ರವೆಂದು ಹೇಳದೆ ಎರಡನ್ನೂ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ ಹೇಳಿದರು: “ಮೊದಲನೆಯದರಲ್ಲಿ ತಂತಿಯೇ ಆರುತ್ತಿದೆ. ಎರಡನೆಯದರಲ್ಲಿ ತಂತಿ ಹಾಗೇ ಮಿಡಿಯುತ್ತಿದೆ, ಯಾರೋ ಶಬ್ದವನ್ನು ಮೆಲ್ಲಗೆ ತಗ್ಗಿಸುತ್ತಿದ್ದಾರೆ.” ಎರಡನೆಯದು ಜೆವಿ. ಅದರೊಳಗೆ ನಡೆಯುವುದೂ ಹೆಚ್ಚುಕಡಿಮೆ ಅವರು ಹೇಳಿದಂತೆಯೇ.

ಕಾರಣ ಜಾಗದ ಅಭಾವ. ಜೆವಿಯ ಮೂಲ ತರಂಗ ಸ್ಮೃತಿ 8 ಮೆಗಾಬೈಟ್. ಸಿ.ಡಿ. ಗುಣಮಟ್ಟದ ಒಂಟಿ ಚಾನೆಲ್ ಲೆಕ್ಕದಲ್ಲಿ ಅದು ಸುಮಾರು ಒಂದೂವರೆ ನಿಮಿಷದ ಶಬ್ದ. ಅಷ್ಟರಲ್ಲಿ ಪಿಯಾನೊ, ಪಿಟೀಲು, ಕೊಳಲು, ಡ್ರಮ್ ಎಲ್ಲವೂ ಅಡಕವಾಗಬೇಕು. ಹೀಗಾಗಿ ಸುತ್ತಿಗೆ ತಂತಿಗೆ ಬಡಿಯುವ ಮೊದಲ ಕ್ಷಣವನ್ನು ನಿಜವಾಗಿ ಮುದ್ರಿಸಿಟ್ಟು, ಮುಂದೆ ಒಂದು ಪುಟ್ಟ ತುಣುಕನ್ನೇ ಮತ್ತೆ ಮತ್ತೆ ಸುತ್ತಿಸಿ ದನಿಯನ್ನು ಇಳಿಸುತ್ತಾರೆ. ನಿಜವಾದ ತಂತಿಯಲ್ಲಿ ಮೇಲಿನ ಉಪಸ್ವರಗಳು ಬೇಗ ಆರುತ್ತವೆ, ಕೆಳಗಿನವು ಉಳಿಯುತ್ತವೆ. ನಾದದ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಪಿ-125ರಲ್ಲಿ ಈ ಬದಲಾವಣೆ ಕಿವಿಗೆ ಸಿಗುತ್ತದೆ. ಅದರ ಮುಖ್ಯ ನಾದ ಯಮಹಾದ ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೊದಿಂದ ಮುದ್ರಿಸಿಕೊಂಡದ್ದು.

ಮೈಸೂರಿನ ಕಿವಿಗೆ ಪಿಯಾನೊ ಹೊಸದಲ್ಲ. ಸ್ವತಃ ಪಿಯಾನೊ ಕಲಿತಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಹಣ ಒದಗಿಸಿದ್ದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದರು. 1940ರ ದಶಕದ ಆ ಮುದ್ರಣಗಳಲ್ಲಿ ತಂತ್ರಜ್ಞಾನ ಎಷ್ಟೇ ಹಳೆಯದಾಗಿರಲಿ, ಸ್ವರ ಆರುವ ರೀತಿ ನಿಜವಾದದ್ದು. ಕಿವಿಗೆ ಅಳತೆಗೋಲು ಬೇಕೆನಿಸಿದಾಗ ನಾನು ಅವನ್ನು ಕೇಳುತ್ತೇನೆ.

ಸ್ವರವನ್ನು ಹಿಡಿದಿಡುವ ಪೆಡಲ್ ವಿಷಯದಲ್ಲಿಯೂ ಡಿಜಿಟಲ್ ಪಿಯಾನೊ ಮುಂದೆ. ಅರ್ಧ ಒತ್ತುವ ಪೆಡಲನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಿದರೆ ಪಿ-125 ಅರ್ಧ ಒತ್ತನ್ನು ಗುರುತಿಸುತ್ತದೆ. ಪೆಡಲ್ ಒತ್ತೂ ಮಿಡಿಯಲ್ಲಿ 0ರಿಂದ 127ರವರೆಗಿನ ಒಂದು ಅಂಕಿ; ಜೆವಿಗೆ 63ರವರೆಗೆ ಪೆಡಲ್ ಇಲ್ಲ, 64ರಿಂದ ಇದೆ; ನಡುವೆ ಏನೂ ಇಲ್ಲ. ಏಕಕಾಲಕ್ಕೆ ಮೊಳಗುವ ಸ್ವರಗಳ ಮಿತಿ ಪಿ-125ಕ್ಕೆ 192, ಜೆವಿಗೆ 64. ಜೆವಿಯ ಒಂದು ಪ್ಯಾಚ್‌ನಲ್ಲಿ ನಾಲ್ಕು ಟೋನ್ (ಒಂದರ ಮೇಲೊಂದು ಸೇರುವ ನಾದದ ಪದರ) ಬಳಸಿದ್ದರೆ ಆ 64 ಇಳಿದು 16 ಆಗುತ್ತದೆ, ಪೆಡಲ್ ಹಿಡಿದ ಉದ್ದನೆಯ ಆಲಾಪದಲ್ಲಿ ಹಳೆಯ ಸ್ವರಗಳು ಸದ್ದಿಲ್ಲದೆ ಉದುರುತ್ತವೆ.

ಇಷ್ಟು ಓದಿದವರು ಜೆವಿಯನ್ನು ಮಾರಿಬಿಡಿ ಎನ್ನಬಹುದು. ನಾನು ಮಾರುವುದಿಲ್ಲ. ತಬಲಾ, ಕೊಳಲು, ಗಾಯಕಿಯ ದನಿ ಸೇರಿದ ಮುದ್ರಣಕ್ಕೆ ಇದೇ ಎರಡು ಪಿಯಾನೊಗಳನ್ನು ಒಂದಾದ ಮೇಲೊಂದು ಕೂರಿಸಿದಾಗ ತೀರ್ಪು ತಿರುಗಿತು. ಯಮಹಾದ ತುಂಬು ನಾದ 200ರಿಂದ 400 ಹರ್ಟ್ಸ್ ಸುತ್ತ ಹರಡಿಕೊಂಡು ದನಿಯನ್ನು ಮುಸುಕಿತು. ಅಲ್ಲಿ ಮೂರು ನಾಲ್ಕು ಡೆಸಿಬೆಲ್ ಕತ್ತರಿಸಬೇಕಾಯಿತು. ಜೆವಿಯ ತೆಳು ಪಿಯಾನೊ ಮಾತ್ರ ಯಾವ ತಿದ್ದುಪಡಿಯನ್ನೂ ಬೇಡದೆ ಸಾಹಿತ್ಯದ ಒಂದಕ್ಷರವೂ ಮರೆಯಾಗದಂತೆ ಕುಳಿತಿತು. ಭಾವಗೀತೆಯಲ್ಲಿ ಪದ ಕೇಳದಿದ್ದರೆ ಪಿಯಾನೊ ಎಷ್ಟು ಸೊಗಸಾಗಿದ್ದರೂ ಪ್ರಯೋಜನವಿಲ್ಲ.

ವೇದಿಕೆಯಲ್ಲಿ ಇನ್ನೊಂದು ತೊಡಕು. ನಮ್ಮ ಕಡೆಯ ಗಣೇಶೋತ್ಸವ, ರಾಜ್ಯೋತ್ಸವಗಳ ಧ್ವನಿವರ್ಧಕ ಬಹುತೇಕ ಒಂದೇ ಚಾನೆಲ್. ಎರಡು ಮೈಕಿನಿಂದ ಮುದ್ರಿಸಿದ ಸ್ಟೀರಿಯೊ ಪಿಯಾನೊವನ್ನು ಒಂದಾಗಿಸಿದರೆ ಕೆಲವು ಕಂಪನಗಳು ಪರಸ್ಪರ ಅಳಿಸಿಕೊಂಡು ನಾದ ಪೊಳ್ಳಾಗುತ್ತದೆ. ಯಮಹಾವನ್ನು ಒಯ್ಯುವ ಮೊದಲು ಮನೆಯಲ್ಲೇ ಎಡಗಡೆಯ ಔಟ್‌ಪುಟ್ ಒಂದಕ್ಕೇ ಕೇಬಲ್ ಚುಚ್ಚಿ ಕೇಳಿ. ಜೊತೆಗೆ, ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಅದನ್ನು ಮಾಡ್ಯೂಲಿನ ತಲೆಗೆ ಕಟ್ಟಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ, ಎಲ್ಲವನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ, ಆಮೇಲೆ ಮತ್ತೊಮ್ಮೆ ಕೇಳಿ.

ಈಗ ನನ್ನ ಕೋಣೆಯಲ್ಲಿ ಪಿಯಾನೊ ಒಂದೇ ಇರುವ ಭಾಗಗಳನ್ನು ಯಮಹಾದಿಂದಲೇ ಮುದ್ರಿಸುತ್ತೇನೆ. ವಾದ್ಯಗಳು ಕೂಡಿಕೊಳ್ಳುವ ಚರಣಗಳಿಗೆ ಅವೇ ಕೀಗಳಿಂದ ಜೆವಿಯನ್ನು ನುಡಿಸುತ್ತೇನೆ, ಲೋಕಲ್ ಕಂಟ್ರೋಲ್ ಆಫ್ ಮಾಡಿ, ಕಿವಿಯಲ್ಲಿ ಜೆವಿಯನ್ನಷ್ಟೇ ಇಟ್ಟುಕೊಂಡು.