ಹಳೆಯ ಕ್ಯಾಟಲೀನಾ 22 ಹಾಯಿದೋಣಿಯನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸುವ ಬಗೆ

ಅಮೆರಿಕದ ಒಳನಾಡಿನ ಸರೋವರಗಳ ಆಸುಪಾಸಿನಲ್ಲಿ ಟಾರ್ಪಾಲಿನ್ ಹೊದ್ದುಕೊಂಡು ಟ್ರೈಲರಿನ ಮೇಲೆಯೇ ವರ್ಷಗಟ್ಟಲೆ ನಿಂತಿರುವ ಸಣ್ಣ ಹಾಯಿದೋಣಿಗಳ ಪೈಕಿ ಕ್ಯಾಟಲೀನಾ 22 ಆಗಾಗ ಕಣ್ಣಿಗೆ ಬೀಳುತ್ತದೆ. ಫ್ರಾಂಕ್ ಬಟ್ಲರ್ 1969ರಲ್ಲಿ ವಿನ್ಯಾಸಗೊಳಿಸಿದ ಈ ಮಾದರಿಯ ದೋಣಿಗಳು 15,000ಕ್ಕೂ ಹೆಚ್ಚು ತಯಾರಾಗಿರುವುದರಿಂದ, ಎಪ್ಪತ್ತರ ದಶಕದ ದೋಣಿಗೂ ಹೊಸ ಬಿಡಿಭಾಗಗಳು ಸಿಗುತ್ತವೆ. ಕೈ ಬಿಗಿಹಿಡಿದು ಕೆಲಸ ಮಾಡುವವರಿಗೆ ಇದೇ ದೊಡ್ಡ ಅನುಕೂಲ. ಆದರೆ ದೋಣಿ ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿಯೇ ಸಿಕ್ಕಿತೆಂದು ಹಿಗ್ಗಿ ಮೊದಲು ಬಣ್ಣ, ಮೆತ್ತೆ, ಪರದೆಗಳಿಗೆ ಹಣ ಸುರಿದವರು ನೀರಿಗಿಳಿಯುವ ಮುನ್ನವೇ ಸೋತು ಅದನ್ನು ಮತ್ತೆ ಮಾರಾಟಕ್ಕಿಡುತ್ತಾರೆ. ಮೊದಲ ಹಣ ಟ್ರೈಲರಿಗೆ, ದೋಣಿ ಮಗುಚದಂತೆ ತಳದಲ್ಲಿರುವ ಭಾರದ ಹಲಗೆಯಾದ ಕೀಲ್‌ಗೆ (keel) ಮತ್ತು ಹಾಯಿಕಂಬವನ್ನು ಹಿಡಿದಿರುವ ತಂತಿಗಳಿಗೆ ಹೋಗಬೇಕು. ಅಂದಚಂದದ ಸರದಿ ಆಮೇಲಿನದು.

ಕೊಳ್ಳುವಾಗ ದೋಣಿಗಿಂತ ಮೊದಲು ಟ್ರೈಲರನ್ನು ನೋಡಿರಿ, ಎರಡರ ಮಾಲೀಕತ್ವದ ಕಾಗದಪತ್ರಗಳನ್ನೂ ಕೇಳಿರಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತದೆ. 2314 ಎಂದಿದ್ದರೆ 2014ರ 23ನೆಯ ವಾರ ಎಂದರ್ಥ. ನಿಂತಲ್ಲೇ ನಿಂತ ಟೈರಿನ ಹಲ್ಲು ಸವೆದಿರುವುದಿಲ್ಲ, ರಬ್ಬರು ಮಾತ್ರ ಬಿರುಕುಬಿಟ್ಟಿರುತ್ತದೆ. ಅಂಥದ್ದನ್ನು ಬದಲಿಸದೆ ಹೆದ್ದಾರಿಗೆ ಇಳಿಯಬಾರದು. ಚಕ್ರದ ಬೇರಿಂಗುಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬುವುದು ಒಂದು ಮಧ್ಯಾಹ್ನದ ಕೆಲಸ.

ಈ ದೋಣಿಯ ಜೀವಾಳವೂ ತಲೆನೋವೂ ಅದರ ತೂಗುವ ಕೀಲ್. ಸುಮಾರು 550 ಪೌಂಡ್, ಅಂದರೆ 250 ಕಿಲೋ ತೂಕದ ಈ ಎರಕದ ಕಬ್ಬಿಣದ ಹಲಗೆ ಒಂದು ಕಂಚಿನ ಪಿನ್ನಿನ ಸುತ್ತ ತಿರುಗುತ್ತದೆ. ಒಳಗಿನ ವಿಂಚಿಗೆ, ಅಂದರೆ ಕೈಯಿಂದ ತಿರುಗಿಸುವ ರಾಟೆಗೆ, ಸುತ್ತಿದ ಉಕ್ಕಿನ ಹಗ್ಗ ಅದನ್ನು ಎತ್ತಿ ಇಳಿಸುತ್ತದೆ. ಅಲೆಗಳ ಹೊಡೆತಕ್ಕೆ ಕೀಲ್ ಅತ್ತಿತ್ತ ವಾಲಾಡಿ, ಪಿನ್ನು ಸವೆದು, ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಆದ್ದರಿಂದ ಪಿನ್ನು, ಅದನ್ನು ಹಿಡಿದಿರುವ ಬ್ರಾಕೆಟ್ಟುಗಳು, ಅವುಗಳ ಬೋಲ್ಟುಗಳು, ಉಕ್ಕಿನ ಹಗ್ಗ ಇಷ್ಟನ್ನೂ ಅನುಮಾನವಿದ್ದರೆ ಬದಲಿಸಿಬಿಡುವುದೇ ಲೇಸು. ಹಗ್ಗ ಒಳಬರುವಲ್ಲಿರುವ ರಬ್ಬರಿನ ಕೊಳವೆ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ ಎಂಬುದನ್ನು ಮರೆಯಬಾರದು. ಅದು ಸೀಳಿದರೆ ಸರೋವರವೇ ಒಳಗೆ ಬರುತ್ತದೆ. ಕೊಳವೆಗೂ ಅದರ ಕ್ಲಿಪ್ಪುಗಳಿಗೂ ತಗಲುವ ಖರ್ಚು ಅತ್ಯಲ್ಪ.

ಕೀಲನ್ನು ಬಿಚ್ಚಬೇಕಾದರೆ ಅದರ ಪೂರ್ತಿ ಭಾರವನ್ನು ಮೊದಲು ಮರದ ದಿಮ್ಮಿಗಳ ಮೇಲೂ ಜ್ಯಾಕಿನ ಮೇಲೂ ಕೂರಿಸಿಕೊಂಡು, ಆಮೇಲಷ್ಟೇ ಬೋಲ್ಟುಗಳಿಗೆ ಕೈಹಾಕಬೇಕು. ಬರೀ ಜ್ಯಾಕಿನ ಆಸರೆಯಲ್ಲಿ ನಿಂತ ದೋಣಿಯ ಅಡಿಗೆ ಯಾರೂ ತೂರಬಾರದು. ಇದೊಂದು ಕೆಲಸಕ್ಕೆ ದೋಣಿ ಎತ್ತುವ ಯಾರ್ಡಿಗೆ ಹಣ ಕೊಟ್ಟರೂ ಅದು ದುಂದಲ್ಲ ಎಂಬುದು ನನ್ನ ಎಣಿಕೆ. ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ ತೆಗೆದ ದಿನವೇ ಎಪಾಕ್ಸಿಯ (ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟುರಾಳದ) ಮೊದಲ ಲೇಪ ಹಚ್ಚಬೇಕು, ಏಕೆಂದರೆ ಬರಿಗಬ್ಬಿಣದ ಮೇಲೆ ಹೊಸ ತುಕ್ಕು ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗೆಂದು ಲೇಪ ದಪ್ಪವಾದರೆ ಕೀಲ್ ತನ್ನ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಳೆಯ ದೋಣಿಯನ್ನು ಕೆಡಿಸುವುದು ಕೆಳಗಿನ ನೀರಿಗಿಂತ ಹೆಚ್ಚಾಗಿ ಮೇಲಿನ ಮಳೆ. ದೋಣಿಯ ಮೇಲ್ಹಾಸಾದ ಡೆಕ್ಕಿನಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಸ್ಕ್ರೂಗಳ ತೂತಿನಿಂದ ಇಳಿದ ನೀರು ಅದನ್ನು ಒಳಗೊಳಗೇ ಕೊಳೆಸುತ್ತದೆ. ಹಲಸಿನಹಣ್ಣನ್ನು ತಟ್ಟಿ ನೋಡುವಂತೆ ಸ್ಕ್ರೂಡ್ರೈವರಿನ ಹಿಡಿಯಿಂದ ಇಂಚಿಂಚೂ ತಟ್ಟುತ್ತ ಹೋದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ದೊಪ್ಪೆನ್ನುತ್ತದೆ; ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿರಿ. ತೂತಿನ ಸುತ್ತ ಮಾತ್ರ ಒದ್ದೆಯಿದ್ದರೆ ಅದನ್ನು ಅಗಲಗೊಳಿಸಿ, ಕೊಳೆತ ಮರವನ್ನು ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ, ಕೆಳಗಿನಿಂದ ಟೇಪು ಹಚ್ಚಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿಯನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದರೆ ಮುಂದೆ ನೀರು ಜಿನುಗಿದರೂ ಮರವನ್ನು ಮುಟ್ಟುವುದಿಲ್ಲ. ಜಾಗ ದೊಡ್ಡದಿದ್ದರೆ ಮೇಲಿನ ಪದರವನ್ನು ಕತ್ತರಿಸಿ ತೆಗೆದು ಹೊಸ ಪ್ಲೈವುಡ್ ಕೂರಿಸದೆ ಗತ್ಯಂತರವಿಲ್ಲ. ಒದ್ದೆ ಮರಕ್ಕೆ ಸಿರಿಂಜಿನಿಂದ ಎಪಾಕ್ಸಿ ತುಂಬುವುದು ಹಣವನ್ನು ಹೊಳೆಗೆ ಎಸೆದಂತೆ, ಅದು ಅಂಟುವುದೇ ಇಲ್ಲ. ಬಿಚ್ಚಿದ ಭಾಗಗಳನ್ನು ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿಯಾದ ಬ್ಯುಟೈಲ್ ಟೇಪಿನ ಮೇಲೆ ಮರಳಿ ಕೂರಿಸಿರಿ. ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಬೇಡ, ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಬೇರೇನೂ ಹಿಡಿಯುವುದಿಲ್ಲ.

ಹಾಯಿಕಂಬದ ಸ್ಟೇನ್‌ಲೆಸ್ ತಂತಿಗಳ ತುದಿಯ ಹಿಡಿಕೆಗಳನ್ನು ಭೂತಗನ್ನಡಿಯಲ್ಲಿ ನೋಡಿರಿ. ಒಂದು ಎಳೆ ತುಂಡಾಗಿದ್ದರೂ, ಕೂದಲೆಳೆಯ ಬಿರುಕಿದ್ದರೂ ಅದನ್ನು ಬದಲಿಸಬೇಕು, ತಂತಿಗಳ ವಯಸ್ಸೇ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಬದಲಿಸಬೇಕು. ಹಾಯಿಗಳ ಬಟ್ಟೆ ಚೆನ್ನಾಗಿದ್ದು ಹೊಲಿಗೆ ಮಾತ್ರ ಬಿಸಿಲಿಗೆ ಸತ್ತಿರುವುದುಂಟು. ದಾರವನ್ನು ಉಗುರಿನಿಂದ ಕೆರೆದಾಗ ಕಿತ್ತುಬಂದರೆ ಮರುಹೊಲಿಗೆ ಹಾಕಿಸಿದರೆ ಸಾಕು.

ತಳಕ್ಕೆ ಪಾಚಿ ಕಟ್ಟದಂತೆ ಬಳಿಯುವ ದುಬಾರಿ ಬಣ್ಣ, ಪ್ರತಿ ಸಲವೂ ಟ್ರೈಲರಿನ ಮೇಲೆ ಮನೆಗೆ ಮರಳುವ ದೋಣಿಗೆ ಬೇಕಿಲ್ಲ. ಇರುವ ಹಳೆಯ ಬಣ್ಣವನ್ನು ಉಜ್ಜಬೇಕಾದರೆ ನೀರು ಹಾಕಿಯೇ, ಉಸಿರಾಟದ ಮಾಸ್ಕ್ ತೊಟ್ಟೇ ಉಜ್ಜಿರಿ. ಅದರಲ್ಲಿ ತಾಮ್ರವಿರುತ್ತದೆ, ಇಂಥ ಸಣ್ಣ ದೋಣಿಗಳಿಗೆ ಅಮೆರಿಕ 1988ರಲ್ಲಿ ನಿಷೇಧಿಸಿದ ತವರದ ವಿಷಕಾರಿ ಸಂಯುಕ್ತವೂ ಇರಬಹುದು. ಡೆಕ್ಕಿನ ಹಿಡಿಪಟ್ಟಿಗಳು ತೇಗದವು. ಬೂದುಬಣ್ಣಕ್ಕೆ ತಿರುಗಿದ್ದರೂ ಒಳಗೆ ಗಟ್ಟಿಯಿರುವುದರಿಂದ ಸಾಬೂನುನೀರಿನಲ್ಲಿ ಉಜ್ಜಿ ಬಿಟ್ಟರಾಯಿತು.

ಮೊದಲ ಪಯಣದಲ್ಲಿ ಹತ್ತು ಹದಿನೈದು ಕಿಲೋಮೀಟರು ಸಾಗಿದ ಮೇಲೆ ಗಾಡಿ ನಿಲ್ಲಿಸಿ ಚಕ್ರದ ನಡುವಿನ ಗುಂಬವನ್ನು (ಹಬ್) ಮುಟ್ಟಿ ನೋಡಿರಿ. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗು ಸರಿ ಕೂತಿಲ್ಲ. ದಡ ಸೇರಿದ ಮೇಲೆ ಕಂಬ ಎತ್ತುವ ಮುನ್ನ ತಲೆಯ ಮೇಲೆ ವಿದ್ಯುತ್ ತಂತಿಗಳಿವೆಯೇ ಎಂದು ನೋಡಲೇಬೇಕು, ಕಂಬ ಅಲ್ಯೂಮಿನಿಯಮ್ಮಿನದು. ಬಿಸಿ ಗುಂಬ ತಣ್ಣೀರು ತಾಕಿದೊಡನೆ ನೀರನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ಅದು ಆರುವವರೆಗೆ ಕಾಯಿರಿ. ಆಮೇಲೆ ಟ್ರೈಲರನ್ನು ನೀರಿಗೆ ಇಳಿಸಿ, ದೋಣಿ ತೇಲಿದ ಮೇಲೂ ಅದನ್ನು ಟ್ರೈಲರಿಗೆ ಕಟ್ಟಿರುವ ಮುಂದಿನ ಪಟ್ಟಿಯನ್ನು ಬಿಚ್ಚದೆ ಒಳಗೆ ಹೋಗಿ, ಆ ರಬ್ಬರಿನ ಕೊಳವೆಯ ಸುತ್ತ ಒಣ ಕಾಗದವಿಟ್ಟು ಹತ್ತು ನಿಮಿಷ ಕುಳಿತಿರಿ. ಕಾಗದ ಒಣಗಿಯೇ ಇದ್ದರೆ ಪಟ್ಟಿ ಬಿಚ್ಚಬಹುದು.