ಗೇರ್‌ಬಾಕ್ಸ್ ಕೈಕೊಟ್ಟಾಗ: ರಿಪೇರಿಯೋ, ಬದಲಾವಣೆಯೋ?

ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದೊಡನೆ ‘ಗೇರ್‌ಬಾಕ್ಸೇ ಹೋಗಿದೆ’ ಎಂದು ದೊಡ್ಡ ಮೊತ್ತದ ಎಸ್ಟಿಮೇಟ್ ಬರೆದುಕೊಡುವ ಗ್ಯಾರೇಜುಗಳೂ, ಎರಡನೆಯ ಮಾತಾಡದೆ ಅದಕ್ಕೆ ಒಪ್ಪಿಬಿಡುವ ಮಾಲೀಕರೂ ನಮ್ಮಲ್ಲಿ ಕಡಿಮೆಯಿಲ್ಲ. ರಿಪೇರಿ ಮಾಡಿಸುವುದೋ ಬದಲಾಯಿಸುವುದೋ ಎಂದು ಯೋಚಿಸುವ ಮೊದಲು, ಕೆಟ್ಟಿರುವುದು ಗೇರ್‌ಬಾಕ್ಸೇ ಹೌದೇ ಎಂಬುದು ಖಚಿತವಾಗಬೇಕು. ಹಣ ಪೋಲಾಗುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಹಂತ 1: ದೋಷದ ಜಾಗ ಹುಡುಕಿ

ಮ್ಯಾನುಯಲ್ ಕಾರಾದರೆ ಮೊದಲು ಕ್ಲಚ್ ನೋಡಿ. ಎದುರಿಗೆ ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು, ಬ್ರೇಕ್ ಪೆಡಲನ್ನೂ ಒತ್ತಿ ಹಿಡಿದು, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಬೆಂಗಳೂರಿನ ದಟ್ಟಣೆಯಲ್ಲಿ ಅರ್ಧ ಕ್ಲಚ್‌ನಲ್ಲಿಯೇ ತೆವಳುವ ಕಾರುಗಳಲ್ಲಿ ಇದು ತೀರಾ ಸಾಮಾನ್ಯ.

ಬಳಿಕ ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಯಾವ ಗೇರೂ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ; ಕ್ಲಚ್ ಕೇಬಲ್ಲನ್ನೋ ಹೈಡ್ರಾಲಿಕ್ ಸಿಲಿಂಡರಿನ ಸೋರಿಕೆಯನ್ನೋ ಪರೀಕ್ಷಿಸಬೇಕು. ಎಂಜಿನ್ ನಿಂತಿರುವಾಗಲೂ ಲಿವರ್ ಬಿಗಿಯಾಗಿದ್ದರೆ ಗೇರ್ ಕೇಬಲ್ಲಿನ ಮೇಲೆ ಮೊದಲ ಸಂಶಯ ಇರಲಿ. ಎರಡನೇ ಗೇರ್ ಮಾತ್ರ ಕರಕರ ಎಂದರೆ ಅದರ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವ ಮೊದಲು ತಿರುಗುವ ಭಾಗಗಳ ವೇಗವನ್ನು ಸರಿಹೊಂದಿಸುವ ಉಂಗುರ) ಸವೆದಿರುವ ಸಾಧ್ಯತೆ ಹೆಚ್ಚು.

ಸದ್ದಿಗೂ ಅರ್ಥವಿದೆ. ನ್ಯೂಟ್ರಲ್‌ನಲ್ಲಿ ಕೇಳುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಒಳತರುವ ದಂಡ) ಬೇರಿಂಗ್, ಒತ್ತಿದಾಗಲೇ ಶುರುವಾದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಕಾರಣ. ಗೇರ್ ಯಾವುದಿದ್ದರೂ ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗಿನದ್ದೂ ಆಗಿರಬಹುದು.

ಕೊನೆಗೆ ಗೇರ್ ಆಯಿಲನ್ನು ನಿಮ್ಮ ಕಣ್ಣೆದುರೇ ಶುಭ್ರವಾದ ತಟ್ಟೆಗೆ ಇಳಿಸಲು ಹೇಳಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿಕೊಂಡ, ಬೆರಳಿಗೆ ನುಣ್ಣಗೆ ಹತ್ತುವ ಬೂದು ಬಣ್ಣದ ಪೇಸ್ಟ್ ಸಹಜವಾದ ಸವೆತದ್ದು. ಉಗುರಿಗೆ ತಾಗುವ ಲೋಹದ ಚೂರುಗಳು ಸಿಕ್ಕರೆ ಗೇರಿನ ಹಲ್ಲು ಮುರಿದಿರುವ ಸಾಧ್ಯತೆ ಹೆಚ್ಚು.

ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ) ಕಾರುಗಳ ಮಾಲೀಕರು ಇನ್ನಷ್ಟು ಎಚ್ಚರದಿಂದಿರಬೇಕು. ಅದರೊಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ. ಆಕ್ಚುಯೇಟರೋ ಸವೆದ ಕ್ಲಚ್ಚೋ ಕಾರಣವಾಗಿರುವಾಗ ಇಡೀ ಗೇರ್‌ಬಾಕ್ಸ್ ಬದಲಾಯಿಸುವುದು ಶುದ್ಧ ದಂಡ. ಸ್ಕ್ಯಾನರ್ ಹಾಕಿ ದೋಷದ ಕೋಡುಗಳನ್ನು ಓದದೆ ಎಸ್ಟಿಮೇಟ್ ಕೊಡುವವರ ಬಳಿ ಕಾರು ಬಿಡಬೇಡಿ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್‌ನಲ್ಲಿ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸುಟ್ಟಿವೆ. ಬರೀ ಆಯಿಲ್ ಬದಲಾವಣೆಯಿಂದ ಅದು ಸರಿಹೋಗದು. ಹಲ್ಲಿನ ಗೇರುಗಳ ಬದಲು ಬೆಲ್ಟ್ ಬಳಸುವ ಸಿವಿಟಿ ಎಂಬ ಆಟೊಮ್ಯಾಟಿಕ್‌ಗೆ ಅದರದೇ ಆಯಿಲ್ ಬೇಕು, ಬೇರೆಯದು ಹಾಕಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ.

‘ಹಾಕಿದರೆ ಸಾಕು, ಗೇರ್ ಬೆಣ್ಣೆಯಂತಾಗುತ್ತದೆ’ ಎಂದು ಮಾರುವ ಬಾಟಲಿಗಳನ್ನು ಮುಟ್ಟಲೇಬೇಡಿ. ಸವೆದ ಲೋಹವನ್ನು ಮರಳಿ ಬೆಳೆಸುವ ದ್ರವ ಯಾವುದೂ ಇಲ್ಲ. ಸದ್ದು ಅಡಗಿಸಲು ದಪ್ಪ ಆಯಿಲ್ ತುಂಬುವುದೂ ಅಷ್ಟೇ ಕೆಟ್ಟ ಉಪಾಯ.

ಹಂತ 2: ಲೆಕ್ಕ ಹಾಕಿ

ಬೇರಿಂಗ್, ಆಯಿಲ್ ಸೀಲ್, ಒಂದೆರಡು ಸಿಂಕ್ರೊನೈಸರ್ ರಿಂಗುಗಳ ಮಟ್ಟಿಗಿನ ದೋಷಕ್ಕೆ ರಿಪೇರಿಯೇ ಸರಿ. ಕೇಸಿಂಗ್ ಬಿರುಕು ಬಿಟ್ಟಿದ್ದರೆ, ಹಲ್ಲಿನ ಚೂರುಗಳು ಎಲ್ಲ ಗೇರುಗಳನ್ನೂ ಕೆಡಿಸಿದ್ದರೆ ಬದಲಾವಣೆ ಮಾಡಿಸಿ. ಕಾರಿಗೆ ಇಂದು ಸಿಗುವ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಾಗುವಂತಿದ್ದರೆ ಎರಡನ್ನೂ ಬಿಟ್ಟು ಕಾರನ್ನೇ ಮಾರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿಗೆ 15 ವರ್ಷ ಸಮೀಪಿಸಿದ್ದರೆ ನೋಂದಣಿ ನವೀಕರಣದ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿ.

ಹಂತ 3: ಬದಲಾಯಿಸುವುದಾದರೆ

ಹೊಸದು ಕೈಗೆಟುಕದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗೇರ್‌ಬಾಕ್ಸ್ ಹುಡುಕಬಹುದು. ಒಂದೇ ಮಾದರಿಯ ಕಾರಾದರೂ ಪೆಟ್ರೋಲ್ ಮತ್ತು ಡೀಸೆಲ್ ಆವೃತ್ತಿಗಳ ಗೇರ್ ಅನುಪಾತ ಬೇರೆ ಇರುವುದರಿಂದ, ಕೇಸಿಂಗ್ ಮೇಲಿನ ಸಂಖ್ಯೆಯನ್ನು ನಿಮ್ಮದರೊಂದಿಗೆ ತಾಳೆ ನೋಡದೆ ಕೊಳ್ಳಬೇಡಿ. ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡಿ, ಕೆಟ್ಟರೆ ವಾಪಸ್ ಪಡೆಯುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಂತ 4: ಜೋಡಣೆ

ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ಬಿಲ್ಲಿನ ದೊಡ್ಡ ಪಾಲಾಗಿರುವುದರಿಂದ, ಸವೆದ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಆಗಲೇ ಬದಲಾಯಿಸಿ. ಕಾರಿನ ಕೈಪಿಡಿ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹೇಳಿದ್ದರೆ ‘ಇನ್ನೂ ಒಳ್ಳೆಯದು’ ಎಂದು ಜಿಎಲ್-5 ಹಾಕಲು ಬಿಡಬೇಡಿ. ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ಕೊರೆಯಬಹುದು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದುಕೊಳ್ಳಿ, ಮತ್ತು ಹಣ ಕೊಡುವ ಮೊದಲು ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರುದಾರಿಯಲ್ಲಿ ರಿವರ್ಸ್ ಸೇರಿ ಎಲ್ಲ ಗೇರುಗಳನ್ನೂ ಹಾಕಿ ಓಡಿಸಿ ನೋಡಿ.