ಅಷ್ಟಮಿ ನೀರು, ಎಂಜಿನ್ ಇಲ್ಲದ ದೋಣಿ: ನನ್ನ ಅನುಭವ

"ಅಷ್ಟಮಿಗೆ ಗಾಳ ಹಾಕುಕೆ ಹೋಪ್ದಾ? ಎಂತ ಮರಾಯ, ಮನೆಯಂಗೆ ಮಲ್ಕೊ."

ಮೂರು ವರ್ಷದ ಹಿಂದೆ ನನ್ನ ಸೋದರಮಾವ ಹೇಳಿದ ಮಾತಿದು. ಅವರು ನಲವತ್ತು ವರ್ಷದಿಂದ ಕುಂದಾಪುರದ ಹತ್ತಿರದ ಗಂಗೊಳ್ಳಿ ಕಡೆ ಬೀಸುಬಲೆ ಹಾಕಿದವರು. ಅವರ ಲೆಕ್ಕದಲ್ಲಿ ಮೀನಿಗೆ ಇರುವುದು ಎರಡೇ ತಿಥಿ, ಅಮಾವಾಸ್ಯೆ ಮತ್ತು ಹುಣ್ಣಿಮೆ. ನೀರು ಜೋರಾಗಿ ಓಡಬೇಕು, ಆಗಲೇ ಮೀನು ಓಡಾಡುವುದು. ಅಷ್ಟಮಿ ಆಸುಪಾಸಿನಲ್ಲಿ ನೀರು ಸತ್ತ ಹಾಗೆ ಇರುತ್ತದೆ, ಸುಮ್ನೆ ಹೋಗಿ ಬಿಸಿಲು ಕಾಯಬೇಕು ಅಷ್ಟೇ.

ಬಲೆಯವರಿಗೆ ಇದು ಸರಿ ಇರಬಹುದು. ಆದರೆ ಎಂಜಿನ್ ಇಲ್ಲದ ಕಯಾಕ್‌ನಲ್ಲಿ (ಸಣ್ಣ ಹುಟ್ಟುದೋಣಿ) ಒಬ್ಬನೇ ಕೂತು ಲ್ಯೂರ್ (ಗಾಳ ಕಟ್ಟಿದ ಕೃತಕ ಮೀನು) ಎಸೆಯುವವನಿಗೆ ಈ ಲೆಕ್ಕ ತಲೆಕೆಳಗು. ಕಳೆದ ಚಳಿಗಾಲದಲ್ಲಿ ನಾನು 14 ಸಲ ಹೋದೆ, ಎಲ್ಲವೂ ಅಷ್ಟಮಿ ಹಿಂದೆ ಮುಂದೆ. 11 ಸಲ ಕುರುಡಿ ಅಥವಾ ಕೆಂಬೇರಿ ಮೀನು ಸಿಕ್ಕಿತು. ಅದಕ್ಕೂ ಮೊದಲಿನ ಎರಡು ವರ್ಷದ ಕಥೆ ಕೇಳಿದರೆ ನಗುತ್ತೀರಿ. ಆದರೂ ಹೇಳಿಬಿಡುತ್ತೇನೆ.

ಮೊದಲು ತಂದದ್ದು ಗಾಳಿ ತುಂಬುವ ದೋಣಿ, ಸುಮಾರು 9,000 ರೂಪಾಯಿ. ಪಂಚಗಂಗಾವಳಿ ಹೊಳೆಯಲ್ಲಿ ಮೂರನೇ ದಿನವೇ ಕಲ್ಲಿಗೆ ಅಂಟಿದ ಚಿಪ್ಪಿಗೆ ತಾಗಿ ಒಂದು ಬದಿ ಹರಿಯಿತು. ಎದೆಮಟ್ಟ ನೀರು, ಹಾಗಾಗಿ ನಡೆದುಕೊಂಡೇ ದಡಕ್ಕೆ ಬಂದೆ. ಪ್ಯಾಚ್ ಹಾಕಿಸಿದೆ, ಮತ್ತೆ ಹರಿಯಿತು. ಆಮೇಲೆ ಅದು ಮಕ್ಕಳಿಗೆ ಅಂಗಳದಲ್ಲಿ ನೀರು ತುಂಬಿಸಿ ಆಡಲು ಆಯಿತು.

ಎರಡನೆಯದು ಬಾಡಿಗೆ ದೋಣಿ. ಎಂಜಿನ್, ಪೆಟ್ರೋಲ್, ನಡೆಸುವವರು ಎಲ್ಲ ಸೇರಿ ಅರ್ಧ ದಿನಕ್ಕೆ 2,500 ಆಸುಪಾಸು. ಆರೇಳು ಸಲ ಹೋದೆ. ಮೀನಿನ ಜಾಗ ಅವರಿಗೆ ಚೆನ್ನಾಗಿ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಎಂಜಿನ್ ಸದ್ದು ಮಾಡಿಕೊಂಡು ಹೋದರೆ ನಾಲ್ಕಡಿ ನೀರಿನಲ್ಲಿ ನಿಂತ ಕುರುಡಿ ನಮಗೆ ಕಾಯುತ್ತದಾ? ಒಂದೇ ಒಂದು ಸಿಕ್ಕಿತು, ಒಂದು ಕಾಲು ಕೆಜಿ. ಮನೆಯವಳು ಖರ್ಚು ಕೂಡಿಸಿ, "ಇದೇ ದುಡ್ಡಿಗೆ ಎಷ್ಟ್ ಅಂಜಲ್ ಮೀನ್ ಬತ್ತಿತ್ ಅಂದೇಳಿ ಲೆಕ್ಕ ಹಾಕಿ ಕಾಣಿ" ಅಂದಳು. ನಾನು ಲೆಕ್ಕ ಹಾಕಲಿಲ್ಲ.

ಮೂರನೆಯದು ಈಗಿನ ಕಯಾಕ್. ಹಳೆಯದು, ಮೇಲೆ ಕೂರುವ ಪ್ಲಾಸ್ಟಿಕ್ ಮಾದರಿ. ಪ್ರವಾಸಿಗರಿಗೆ ಕೊಡುತ್ತಿದ್ದವರೊಬ್ಬರು ಮಾರಿದರು. 22,000ಕ್ಕೆ ಕುದುರಿತು. ಲೈಫ್ ಜಾಕೆಟ್ ಬೇರೆ, 1,800. ಇದನ್ನು ತಂದ ಮೇಲೂ ಒಂದು ಇಡೀ ಸೀಸನ್ ಹಾಳಾಯಿತು. ಯಾಕೆಂದರೆ ಮಾವನ ಮಾತು ಕೇಳಿ ಹುಣ್ಣಿಮೆ, ಅಮಾವಾಸ್ಯೆಗೇ ಹೋಗುತ್ತಿದ್ದೆ. ನೀರು ಕೆಸರು, ಜೊತೆಗೆ ಸೆಳೆತ. ಒಂದು ಸಲ ಎಸೆಯುವಷ್ಟರಲ್ಲಿ ದೋಣಿ ಇಪ್ಪತ್ತು ಮೀಟರ್ ಕೆಳಗೆ ಹೋಗಿರುತ್ತಿತ್ತು.

ಆಗ ಮಾಡಿದ ದಡ್ಡತನಗಳಲ್ಲಿ ಎರಡು ಹೇಳುತ್ತೇನೆ. ಒಂದು, ದೋಣಿಯ ವೇಗ ಇಳಿಸಲು ನೀರಿನ ಕೊಡೆ ಥರದ್ದೊಂದು ಚೀಲ ತರಿಸಿದೆ, 1,200 ರೂಪಾಯಿ. ಕಟ್ಟಿ ಬಿಟ್ಟೆ, ಏನೂ ಆಗಲಿಲ್ಲ. ಎರಡು ಭಾನುವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ದೋಣಿಯನ್ನು ಒಯ್ಯುತ್ತಿರುವುದೇ ನೀರು, ಚೀಲವೂ ಅದೇ ನೀರಿನಲ್ಲಿ ಅದೇ ವೇಗದಲ್ಲಿ ಹೋಗುತ್ತಿದೆ. ಅದು ಯಾವುದನ್ನು ಹಿಡಿದು ನಿಲ್ಲಬೇಕು? ಗಾಳಿ ದೂಡುವಾಗ ಮಾತ್ರ ಆ ಚೀಲಕ್ಕೆ ಬೆಲೆ. ಸೆಳೆತಕ್ಕೆ ಬೇಕಾದ್ದು ನೆಲ ಮುಟ್ಟುವ ಭಾರ. ಈಗ ಎರಡಡಿ ಕಬ್ಬಿಣದ ಸರಪಳಿಯನ್ನು ಹಳೇ ಸೈಕಲ್ ಟ್ಯೂಬಿನೊಳಗೆ ತೂರಿಸಿ ಹಿಂದಿನಿಂದ ಎಳೆಯುತ್ತೇನೆ. ಸದ್ದಿಲ್ಲ, ಕಲ್ಲಿಗೆ ಸಿಕ್ಕಿಕೊಳ್ಳುವುದೂ ಕಡಿಮೆ. ಗುಜರಿಯಲ್ಲಿ 80 ರೂಪಾಯಿ ಕೊಟ್ಟೆ ಅಂತ ನೆನಪು.

ಎರಡನೇ ದಡ್ಡತನ ಜೀವಕ್ಕೇ ಬರುತ್ತಿತ್ತು. ಲಂಗರಿನ ಹಗ್ಗವನ್ನು ದೋಣಿಯ ಬದಿಗೆ ಕಟ್ಟಿದ್ದೆ, ಅದೂ ಹುಣ್ಣಿಮೆಯ ಇಳಿತದಲ್ಲಿ. ಲಂಗರು ಹಿಡಿದ ತಕ್ಷಣ ದೋಣಿ ಅಡ್ಡ ತಿರುಗಿತು, ನೀರು ಬದಿಯ ಮೇಲೆ ಹತ್ತಿತು, ನಾನು ಆಚೆ ಬಿದ್ದೆ. ರಾಡ್, ಸುಮಾರು 4,000ದ ರೀಲ್, ಲ್ಯೂರ್ ಡಬ್ಬಿ ಎಲ್ಲ ಹೋಯಿತು. ಜಾಕೆಟ್ ಹಾಕಿದ್ದೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಹಗ್ಗ ಮೂತಿಗೆ ಅಥವಾ ಬಾಲಕ್ಕೆ ಮಾತ್ರ. ಕೈಗೆ ಸಿಗುವಲ್ಲಿ ಒಂದು ಚಾಕು.

ಅಷ್ಟಮಿ ಸಿಕ್ಕಿದ್ದು ಆಕಸ್ಮಿಕ. ಡಿಸೆಂಬರಿನಲ್ಲಿ ಎಲ್ಲ ಭಾನುವಾರಕ್ಕೂ ಮದುವೆ ಇತ್ತು, ಬಿಡುವಾದದ್ದು ಒಂದೇ ದಿನ. ಪಂಚಾಂಗ ನೋಡದೆ ಹೋದೆ. ನೀರು ನೋಡಿ ಆಶ್ಚರ್ಯವಾಯಿತು. ಕೆಸರೇ ಇಲ್ಲ, ಹುಟ್ಟಿನ ಅಲಗು ಮೂರಡಿ ಕೆಳಗೂ ಕಾಣುತ್ತಿತ್ತು. ಅವತ್ತು ಎರಡು ಗಂಟೆಯಲ್ಲಿ ಮೂರು ಕೆಂಬೇರಿ. ಎಲ್ಲ ಅರ್ಧ ಮುಕ್ಕಾಲು ಕೆಜಿಯವು, ಆದರೆ ಮೂರು!

ಆಮೇಲೆ ಕೂತು ಯೋಚಿಸಿದೆ. ಅಮಾವಾಸ್ಯೆ ಹುಣ್ಣಿಮೆಗೆ ನಮ್ಮಲ್ಲಿ ಬೆಳಗಾಗುವಾಗ ನೀರು ಬತ್ತಿರುತ್ತದೆ, ತುಂಬುವುದು ಮಧ್ಯಾಹ್ನದ ಹತ್ತಿರ. ದಿನಕ್ಕೆ ಐವತ್ತು ನಿಮಿಷದಂತೆ ತಡವಾಗುತ್ತಾ ಹೋಗಿ ಅಷ್ಟಮಿ ಹೊತ್ತಿಗೆ ನಸುಕಿನಲ್ಲೇ ನೀರು ತುಂಬಿರುತ್ತದೆ. ಅಂದರೆ ಬೆಳಕು ಹರಿಯುವುದೂ ಇಳಿತ ಶುರುವಾಗುವುದೂ ಒಟ್ಟಿಗೆ. ಕಾಂಡ್ಲಾ ಬೇರುಗಳ ನಡುವೆ ಅಡಗಿದ್ದ ಮಾಲ ಮೀನಿನ ಮರಿ, ಸಿಗಡಿ ಎಲ್ಲ ಸಣ್ಣ ತೋಡುಗಳ (ಹೊಳೆಗೆ ಸೇರುವ ಕಾಲುವೆಗಳ) ಬಾಯಿಯಿಂದ ಹೊರಗೆ ಬರಲೇಬೇಕಾದ ಹೊತ್ತು. ಕುರುಡಿ ಬಾಗಿಲಲ್ಲೇ ಕಾದಿರುತ್ತದೆ. ಇದು ಗಾಳ ಹಾಕುವವರಿಗೆಲ್ಲ ಗೊತ್ತಿರುವುದೇ. ನಾನು ಸೇರಿಸಿದ್ದು ಸಮಯ ಮಾತ್ರ.

ಆ ಸಮಯದಲ್ಲೇ ಎಲ್ಲರೂ ಎಡವುವುದು. ಮೊಬೈಲ್ ತೋರಿಸುವುದು ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಹತ್ತಿರ ನೀರು ಏರಿ ಇಳಿಯುವ ಹೊತ್ತು. ಒಳಗೆ, ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಹಿಂದೆ, ನೀರು ತಡವಾಗಿ ತಿರುಗುತ್ತದೆ. ಎಷ್ಟು ತಡ ಅಂತ ತಿಳಿಯಲು ಗೆಳೆಯನ ತೋಟದ ದಡದಲ್ಲಿ ಒಂದು ಬಿದಿರು ನೆಟ್ಟು ಅಂಗೈ ಅಗಲಕ್ಕೊಂದು ಬಣ್ಣದ ಪಟ್ಟಿ ಹೊಡೆದೆ. ಹತ್ತು ಹನ್ನೆರಡು ಭಾನುವಾರ ಬರೆದಿಟ್ಟೆ. 35 ರಿಂದ 50 ನಿಮಿಷ ತಡ. ಮಳೆಗಾಲ ಮುಗಿದ ಹೊಸತರಲ್ಲಿ ಇನ್ನೂ ಜಾಸ್ತಿ. ಸೆಳೆತ ಅಳೆಯಲು ಖಾಲಿ ಎಳನೀರಿನ ಬೊಂಡ ಎಸೆದು ದಡದಲ್ಲಿ ಅದರ ಜೊತೆಗೇ ನಡೆದೆ. ಹುಣ್ಣಿಮೆಗೆ ಎರಡು ನಿಮಿಷಕ್ಕೆ ನೂರು ಹೆಜ್ಜೆಗಿಂತ ಜಾಸ್ತಿ, ಅಷ್ಟಮಿಗೆ ನಲವತ್ತು ಚಿಲ್ಲರೆ. ಬೊಂಡದ ಹಿಂದೆ ಹೆಜ್ಜೆ ಎಣಿಸುತ್ತಾ ಹೋಗುವವನನ್ನು ನೋಡಿ ಒಬ್ಬರು ಆರೋಗ್ಯ ವಿಚಾರಿಸಿದರು.

ಈಗಿನ ಕ್ರಮ ಹೀಗೆ. ಅಳಿವೆಯಲ್ಲಿ ನೀರು ತುಂಬುವುದು ನಾಲ್ಕರಿಂದ ಆರರ ಒಳಗೆ ಇರುವ ಮೂರು ದಿನ ಆರಿಸುತ್ತೇನೆ. ಹೊಳೆಯ ಮೇಲುಗಡೆಯಿಂದ ದೋಣಿ ಇಳಿಸುತ್ತೇನೆ. ಬೆಳಗಿನ ಗಾಳಿ ಪೂರ್ವದಿಂದ, ಇಳಿತವೂ ಪಶ್ಚಿಮಕ್ಕೆ, ಹುಟ್ಟು ಹಾಕುವ ಕೆಲಸವೇ ಕಡಿಮೆ. ಪ್ರತಿ ತೋಡಿನ ಬಾಯಿಯಿಂದ ಹದಿನೈದು ಮೀಟರ್ ದೂರದಲ್ಲಿ ಸರಪಳಿ ಬಿಟ್ಟು ನಿಧಾನ ತೇಲುತ್ತಾ ಎಸೆಯುವುದು. ತೋಡಿನ ಒಳಕ್ಕೆ ಎಸೆದು ನೀರಿನ ಜೊತೆಗೇ ಹೊರಕ್ಕೆ ತರಬೇಕು. ಎದುರು ಎಳೆದರೆ ಯಾವ ಸಿಗಡಿ ಹಾಗೆ ಈಜುತ್ತದೆ ಹೇಳಿ? ಒಂಬತ್ತೂವರೆ, ಹತ್ತರ ಹೊತ್ತಿಗೆ ಕುದ್ರುವಿನ ತೆಂಗಿನ ನೆರಳಿನಲ್ಲಿ ದೋಣಿ ಎಳೆದು ಬುತ್ತಿ ಬಿಚ್ಚುತ್ತೇನೆ. ಮಧ್ಯಾಹ್ನ ನೀರು ಏರುತ್ತದೆ, ಕಡಲ ಗಾಳಿ ಏಳುತ್ತದೆ, ಎರಡೂ ಸೇರಿ ಮನೆಗೆ ತಂದು ಬಿಡುತ್ತವೆ. ಪೆಟ್ರೋಲ್ ಖರ್ಚು ಸೊನ್ನೆ. ಗಂಗೊಳ್ಳಿ ಅಳಿವೆಯ ಬಾಯಿಗೆ ಮಾತ್ರ ನಾನು ಹೋಗುವುದಿಲ್ಲ. ಅಲ್ಲಿ ಇಳಿತವೂ ಅಲೆಯೂ ಎದುರುಬದುರಾದರೆ ದೊಡ್ಡ ದೋಣಿಗಳೇ ಕುಣಿಯುತ್ತವೆ.

ಲ್ಯೂರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕಿಂಚಿನ ಮೆತ್ತನೆ ಬಾಲದ ಮೀನು, ಹತ್ತು ಗ್ರಾಂ ಜಿಗ್ ಹೆಡ್ (ಭಾರದ ತಲೆಯಿರುವ ಗಾಳ), 40 ಪೌಂಡ್ ಲೀಡರ್ (ದಾರದ ತುದಿಗೆ ಕಟ್ಟುವ ಗಟ್ಟಿ ಎಳೆ). ಕುರುಡಿಯ ಕಿವಿರಿನ ಅಂಚು ಬ್ಲೇಡಿನ ಥರ, ಸಪೂರ ಲೀಡರ್ ಹಾಕಿ ನಾಲ್ಕು ಮೀನು ಕಳೆದುಕೊಂಡಿದ್ದೇನೆ. ಗಟ್ಟಿ ಲ್ಯೂರ್ ಆದರೆ ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿ, ಕಾಂಡ್ಲಾ ಬೇರಿಗೆ ಸಿಕ್ಕಿಕೊಳ್ಳುವುದು ಅರ್ಧಕ್ಕರ್ಧ ಇಳಿಯುತ್ತದೆ. ಎಸೆಯುವ ಮೊದಲು ಲ್ಯೂರ್‌ಗೆ ನಾನೊಂದು ಹಚ್ಚುತ್ತೇನೆ, ಅಡುಗೆಮನೆಯದ್ದೇ. ಅದು ಏನು ಅಂತ ಮನೆಯವಳಿಗೂ ಹೇಳಿಲ್ಲ, ಡಬ್ಬಿ ಖಾಲಿಯಾಗುವುದು ಮಾತ್ರ ಅವಳಿಗೆ ಗೊತ್ತು.

ನಡುವೆ ಮರದ ಲ್ಯೂರ್ ಹುಚ್ಚು ಹಿಡಿದಿತ್ತು. ಹಾಲೆ ಮರ ಹಗುರ ಅಂತ ಕೆತ್ತಿ ಮೀನು ಮಾಡಿದೆ. ಮೊದಲ ಆರು ಸತ್ತ ಮೀನಿನ ಹಾಗೆ ಮಗ್ಗುಲಾಗಿ ತೇಲಿದವು. ಹೊಟ್ಟೆಗೆ ಸೀಸ ತುಂಬಿದ ಏಳನೆಯದು ಸರಿಯಾಗಿ ಈಜಿತು, ಒಂದು ಕೆಂಬೇರಿಯನ್ನೂ ತಂದಿತು. ಎಂಟನೇ ದಿನ ಬಣ್ಣದೊಳಗೆ ನೀರು ಹೋಗಿ ಬಿರಿಯಿತು. ಒಂದಕ್ಕೆ ನಾಲ್ಕು ಗಂಟೆ ಕೆಲಸ. ಅಂಗಡಿಯಲ್ಲಿ 350ಕ್ಕೆ ಸಿಗುತ್ತಿತ್ತು, ಬಿಟ್ಟುಬಿಟ್ಟೆ.

ಒಟ್ಟು ದುಡ್ಡಿನ ವಿಷಯ. ಮುಳುಗಿದ್ದು, ಹರಿದದ್ದು, ಬಾಡಿಗೆ ಎಲ್ಲ ಸೇರಿ ಮೂರು ವರ್ಷದಲ್ಲಿ 75,000 ದಾಟಿದೆ. ಅದರಲ್ಲಿ ನಿಜಕ್ಕೂ ಬೇಕಾಗಿದ್ದು 35,000 ಇರಬಹುದು. ಕಳೆದ ಸೀಸನ್ ಪೂರ್ತಿ ಕಳೆದುಕೊಂಡದ್ದು ಐದಾರು ಲ್ಯೂರ್, ಒಂದು ಟೋಪಿ.

ದೊಡ್ಡದು ಜನವರಿಯಲ್ಲಿ ಬಿತ್ತು. ಆರೂವರೆ ಕೆಜಿ ಕುರುಡಿ. ಎರಡು ಸಲ ಪೂರ್ತಿ ಮೇಲೆ ಹಾರಿತು, ದೋಣಿಯನ್ನೇ ತೋಡಿನ ಕಡೆ ಎಳೆಯಿತು. ಫೋಟೋ ತೆಗೆದು ಬಿಟ್ಟೆ. ಕುರುಡಿ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವ ಮೀನು, ಆ ಗಾತ್ರದ್ದೆಲ್ಲ ಹೆಚ್ಚಾಗಿ ಮೊಟ್ಟೆ ಇಡುವವು. ಮಾವನಿಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಮೀನಿನ ಬಗ್ಗೆ ಒಂದು ಮಾತಿಲ್ಲ. "ಬಿಟ್ಯಾ?" ಅಂದರು, ಅಷ್ಟೇ. ಹಿಂದೆ ಕಾಣುವ ಕಾಂಡ್ಲಾ ಗಿಡವನ್ನು ಮಾತ್ರ ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದರು.

ಮುಂದಿನ ಅಷ್ಟಮಿಗೆ ಕತ್ತಲಲ್ಲೇ ಹೊರಟು ಆ ತೋಡಿನ ಬಾಯಿಗೆ ಹೋದರೆ, ಸೊಂಟಮಟ್ಟ ನೀರಿನಲ್ಲಿ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಯಾರೋ ನಿಂತಿದ್ದರು. ಟಾರ್ಚ್ ಬಿಟ್ಟೆ. ಮಾವ.